ಬಟ್ಟೆಯ ಗೋಡೆ

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಆ ಗಂಡ ಹೆಂಡತಿ ಮನೆಯಲ್ಲಿ ಜೋರಾಗಿ ಜಗಳವಾಡಿದವರಲ್ಲ, ಜೋರಾಗಿ ನಕ್ಕವರೂ ಅಲ್ಲ. ಅದು ಸ್ವಭಾವದ ಗುಣವಲ್ಲ, ಜಾಗದ ಕೊರತೆ. ಮೂರನೇ ಮಹಡಿಯ ಆ ಮನೆಗೆ ಎರಡೇ ಕೋಣೆ. ಒಳಗಿನದರಲ್ಲಿ ಅತ್ತೆ ಮತ್ತು ಮೊಮ್ಮಗಳು ಪುಟ್ಟಿ ಮಲಗುತ್ತಿದ್ದರು. ಹೊರಗಿನದು ಹಗಲಲ್ಲಿ ಎಲ್ಲರದು, ದೀಪ ಆರಿದ ಮೇಲೆ ಇವರಿಬ್ಬರದು. ನಡುವೆ ಬಾಗಿಲಿರಲಿಲ್ಲ, ಸೊಸೆಯೇ ಹೊಲಿದು ಹಾಕಿದ ಪರದೆಯಿತ್ತು. ಬಚ್ಚಲಿಗೆ ಹೋಗಬೇಕಾದರೆ ಅತ್ತೆಯ ಮಂಚದ ಪಕ್ಕದಲ್ಲೇ ಹಾದು ಹೋಗಬೇಕು. ಎಷ್ಟು ಮೆಲ್ಲಗೆ ಹೆಜ್ಜೆಯಿಟ್ಟರೂ ಕತ್ತಲೆಯಿಂದ "ಯಾರದು?" ಎಂಬ ದನಿ ಬರುತ್ತಿತ್ತು. "ನಾನೇ ಅತ್ತೆ" ಎನ್ನಬೇಕು. ವಾಪಸು ಬರುವಾಗ ಮತ್ತೆ "ಯಾರದು?" "ಈಗ ಹೋದವಳೇ ಅತ್ತೆ."

ಅತ್ತೆ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಮಂಡಿ ಸವೆದ ಮೇಲೆ ಮನೆಯೇ ಅವರ ವಾರ್ಡಾಯಿತು. ಯಾರು ಎಷ್ಟು ತಿಂದರು, ಯಾರು ಎಷ್ಟು ಕೆಮ್ಮಿದರು, ಯಾವ ನಲ್ಲಿ ಸೋರುತ್ತಿದೆ, ಎಲ್ಲವೂ ಅವರಿಗೆ ಬೇಕು. ಮಗ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ರಿಪೇರಿಯವನು. ಬೆಳಿಗ್ಗೆ ಹೊರಟರೆ ಊರಿನ ಅಡುಗೆಮನೆಗಳಲ್ಲೆಲ್ಲ ಮಂಡಿಯೂರಿ ಸಂಜೆಗೆ ಬರುವನು. ಸೊಸೆ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಅವಳಿಗೆ 'ರೇಡಿಯೋ' ಎಂದು ಅಡ್ಡಹೆಸರು. ಯಾರ ದನಿಯನ್ನಾದರೂ ಎತ್ತುವಳು, ಯಾರ ನಡಿಗೆಯನ್ನಾದರೂ ನಡೆದು ತೋರಿಸುವಳು. ಊಟದ ಬಿಡುವಿನಲ್ಲಿ ಅವಳು ಎದ್ದು ನಿಂತು ಸೂಪರ್‌ವೈಸರ್ ಗಂಟಲು ಸರಿಮಾಡಿಕೊಳ್ಳುವುದನ್ನು ಮಾಡಿದರೆ ಹೆಂಗಸರು ಡಬ್ಬಿ ಬದಿಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಮನೆಯಲ್ಲಿ ಆ ರೇಡಿಯೋ ಯಾವತ್ತೂ ಹಾಡಿದ್ದಿಲ್ಲ.

ಗಂಡ ಕೆಲಸಕ್ಕೆಂದು ಹಳೇ ವ್ಯಾನೊಂದನ್ನು ಕೊಂಡಾಗ ಅವನಿಗೊಂದು ಹುರುಪು ಬಂತು. "ಮೂರು ದಿನ ರಜಾ ಬರ್ತಿದೆ. ನಾವಿಬ್ರೇ ಹೋಗೋಣ. ಜೊತೆ ಕೆಲಸದವನ ಹತ್ರ ಟೆಂಟಿದೆ, ಕೊಡ್ತಾನಂತೆ. ದಾರಿ ಸಿಕ್ಕ ಕಡೆ ಹೋಗೋದು, ಕತ್ತಲಾದ ಕಡೆ ಮಲಗೋದು."

"ಅತ್ತೆ?"

"ತಂಗಿ ಮನೇಲಿ ಬಿಟ್ರಾಯ್ತು. ಪುಟ್ಟೀನೂ ಅಲ್ಲೇ ಇರ್ಲಿ. ಕೇಳಿದೀನಿ, ಹ್ಞೂಂ ಅಂದಿದಾಳೆ."

ಸೊಸೆ ಎರಡು ವಾರ ಆ ಟೆಂಟನ್ನೇ ಕನಸಿದಳು. ಹೊರಡುವ ಹಿಂದಿನ ಸಂಜೆ ನಾದಿನಿಯ ಫೋನು ಬಂತು. "ಅಣ್ಣಾ, ನಮ್ಮನೆಗೆ ಪೇಂಟ್ ಮಾಡಿಸ್ತಿದೀವಿ. ಅಮ್ಮಂಗೆ ಆ ವಾಸನೆ ಆಗಲ್ಲ. ಇನ್ನೊಂದ್ಸಲ ನೋಡೋಣ." ಫೋನು ಇಟ್ಟ ಗಂಡ ಹೆಂಡತಿಯ ಮುಖ ನೋಡಲಿಲ್ಲ. ಅತ್ತೆ ಪರದೆಯಾಚೆಯಿಂದಲೇ ಹೇಳಿದರು: "ನಾನೊಬ್ಬಳೇ ಇರ್ತೀನಿ ಬಿಡ್ರೋ. ಮೂರು ದಿನಕ್ಕೆ ಏನಾಗತ್ತೆ? ಬಿದ್ರೆ ಬೀಳ್ತೀನಿ."

ಬಿದ್ದರೆ ಬೀಳುತ್ತೇನೆ ಎಂದವರನ್ನು ಬಿಟ್ಟು ಹೋಗುವುದು ಹೇಗೆ? ಬೆಳಿಗ್ಗೆ ವ್ಯಾನಿನ ಹಿಂದಿನ ಸೀಟು ಕಳಚಿ ಹಾಸಿಗೆ ಹಾಸಲಾಯಿತು. ಅತ್ತೆ, ಮೊಮ್ಮಗಳು, ಮಾತ್ರೆಯ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಕಾಲಿಗಿಡುವ ದಿಂಬು ಎಲ್ಲವೂ ಏರಿದವು. ದಾರಿಯುದ್ದಕ್ಕೂ "ನಿಧಾನ ಕಣೋ", "ಅಲ್ಲೊಂದು ಬಚ್ಚಲು ಇದ್ರೆ ನಿಲ್ಸು", "ಕಿಟಕಿ ಹಾಕಿ, ಗಾಳಿ", "ಕಿಟಕಿ ತೆಗೀರಿ, ಸೆಕೆ." ಸೊಸೆ ಮುಂದಿನ ಸೀಟಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ರಸ್ತೆ ನೋಡಿದಳು.

ಸಂಜೆಗೆ ಒಂದು ಕೆರೆಯ ದಡ ಸಿಕ್ಕಿತು. ಟೆಂಟು ಹಾಕುವವರಿಗೆಂದೇ ಹುಲ್ಲು ಕತ್ತರಿಸಿ ಬಿಟ್ಟಿದ್ದ ಜಾಗ. ಆಚೆ ಈಚೆ ಒಂದೆರಡು ಟೆಂಟುಗಳಿದ್ದವು, ದೂರದಲ್ಲಿ. ಗಂಡ ಕಂಬಿಗಳನ್ನು ಹೇಗೆ ಸಿಕ್ಕಿಸಬೇಕೆಂದು ತಿಳಿಯದೆ ಮೂರು ಸಲ ಕಟ್ಟಿ ಮೂರು ಸಲ ಬೀಳಿಸಿದ. ಅತ್ತೆ ವ್ಯಾನಿನ ಮೆಟ್ಟಿಲ ಮೇಲೆ ಕೂತು ಸಲಹೆ ಕೊಟ್ಟರು. ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸ್ಟೌವಿನಲ್ಲಿ ಬಿಸಿ ಮಾಡಿದ ಬಟಾಣಿ. "ನಂಗೆ ಸಾಕು, ನಂಗೆ ಸಾಕು" ಎನ್ನುತ್ತಲೇ ಅತ್ತೆ ತಟ್ಟೆ ಮುಂದೆ ಚಾಚಿದರು. ಇದು ದಿನಾ ನಡೆಯುವುದೇ. ಸೊಸೆ ಇನ್ನೊಂದು ಮೊಟ್ಟೆ ಹಾಕಿದಳು. ಬೇಗನೆ ಅಜ್ಜಿ, ಮೊಮ್ಮಗಳು ವ್ಯಾನಿನೊಳಗೆ ಮಲಗಿದರು. ಇವರಿಬ್ಬರು ಟೆಂಟಿನೊಳಗೆ ತೂರಿ ಚೈನು ಎಳೆದುಕೊಂಡರು.

ಚಾರ್ಜಿನ ದೀಪವನ್ನು ಮೂಲೆಯಲ್ಲಿಟ್ಟು ಗಂಡ ಅಂಗಾತ ಮಲಗಿದ. "ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ನಮ್ಮಿಬ್ಬರಿಗೆ ಅಂತ ಒಂದು ಬಾಗಿಲು ಹಾಕಿದೀವಿ" ಎಂದ.

"ಚೈನು ಬಾಗಿಲಾ?"

"ಪರದೆಗಿಂತ ವಾಸಿ."

ಅವಳು ಹೊರಳಿದಳು. ಟೆಂಟು ಕರಕ್ ಎಂದಿತು. ಅವನು ಮೆಲ್ಲಗೆ, ತಾಯಿಯ ದನಿಯಲ್ಲಿ, "ಯಾರದು?" ಎಂದ.

ಅದು ಒಳ್ಳೆಯ ಅನುಕರಣೆಯಲ್ಲ. ಅಡುಗೆ ಬಲ್ಲವಳಿಗೆ ಅರೆಬೆಂದ ಅನ್ನ ಬಡಿಸಿದಂತಾಗಿ ಸೊಸೆ ಎದ್ದು ಕೂತಳು. "ಹಂಗಲ್ಲ ಅದು" ಎಂದು ಗಂಟಲಲ್ಲಿ ಒಂದಿಷ್ಟು ನಿದ್ದೆ, ಒಂದಿಷ್ಟು ಅನುಮಾನ ಸೇರಿಸಿ "ಯಾರದೂ?" ಎಂದಳು. ಗಂಡ ಬೆಚ್ಚಿಬಿದ್ದ. ಆಮೇಲೆ ನಗತೊಡಗಿದ. ಆ ನಗು ಅವಳಿಗೆ ಬೆಂಕಿಗೆ ಗಾಳಿ ಹಾಕಿದಂತಾಯಿತು. ಹೊದಿಕೆಯನ್ನು ತಲೆಯ ಮೇಲೆ ಶಾಲಿನಂತೆ ಹಾಕಿಕೊಂಡು, ಸೊಂಟಕ್ಕೆ ಕೈಯಿಟ್ಟು, ಅತ್ತೆ ಕುರ್ಚಿಯಿಂದ ಏಳುವುದನ್ನು ಮಾಡಿದಳು. 'ಅಯ್ಯೋ' ಎಂದು ಅರ್ಧ ಎದ್ದು, 'ದೇ' ಎಂದು ನಿಂತು, ಸುಧಾರಿಸಿಕೊಂಡು, 'ವರೇ' ಎಂದು ಮೊದಲ ಹೆಜ್ಜೆ. ಟೆಂಟಿನಲ್ಲಿ ನೆಟ್ಟಗೆ ನಿಲ್ಲಲು ಜಾಗವಿರಲಿಲ್ಲ. ಬಗ್ಗಿದ್ದರಿಂದ ಇನ್ನೂ ಅತ್ತೆಯಂತೆಯೇ ಆಯಿತು. ಕಾಲನ್ನು ಎಳೆದು, ಪೃಷ್ಠವನ್ನು ಒಂದು ಬದಿಗೆ ತೂಗಿ, ಈ ಮೂಲೆಯಿಂದ ಆ ಮೂಲೆಗೆ ನಡೆದಳು. "ನಂಗೆ ಸಾಕು, ನಂಗೆ ಸಾಕು" ಎಂದು ತಟ್ಟೆ ಚಾಚಿದಳು. ಹಲ್ಲಿನ ಸೆಟ್ಟು ತೆಗೆದು ಲೋಟಕ್ಕೆ ಹಾಕಿದಂತೆ ಮಾಡಿ, ಬೊಚ್ಚು ಬಾಯಲ್ಲಿ ಮೊಮ್ಮಗಳಿಗೆ ಬುದ್ಧಿ ಹೇಳಿದಳು.

ಗಂಡ ದಿಂಬು ಕಚ್ಚಿಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. "ಇನ್ನೊಂದ್ಸಲ. ಆ ಏಳೋದು ಇನ್ನೊಂದ್ಸಲ ಮಾಡು" ಎಂದ. ಅವಳು ಮಾಡಿದಳು. ಮದುವೆಯಾದ ಹೊಸದರಲ್ಲೂ ಅವನು ಅವಳನ್ನು ಹಾಗೆ ನೋಡಿರಲಿಲ್ಲ. ಅವಳಿಗೆ ಇಡೀ ಮೈ ಹಗುರಾಗಿತ್ತು.

ನಗು ಇಳಿದ ಮೇಲೆ ಮಾತು ಬಂತು. "ನಿಮ್ಮ ತಂಗೀನೂ ಮಗಳೇ ಅಲ್ವಾ? ವರ್ಷದಲ್ಲಿ ಆರು ತಿಂಗಳು ಇಟ್ಕೊಳ್ಳಲಿ. ನಾವೂ ಉಸಿರಾಡ್ಬೇಡ್ವಾ?"

"ಹೇಳ್ತೀನಿ."

"ಯಾವಾಗ?"

"ಊರಿಗೆ ಹೋದ್ಮೇಲೆ. ಖಂಡಿತ. ನಂಗೂ ಸಾಕಾಗಿದೆ ಕಣೆ."

ದೀಪ ಆರಿಸಿ ಮಲಗಿದರು. ಕಲ್ಲು ಒತ್ತುವ ನೆಲದ ಮೇಲೆ ಅವಳಿಗೆ ಎಷ್ಟೋ ವರ್ಷಗಳಿಂದ ಬಾರದಂಥ ನಿದ್ದೆ ಬಂತು.

ಬೆಳಿಗ್ಗೆ ಚೈನು ತೆಗೆದು ಹೊರಬಂದಾಗ ಅತ್ತೆ ಆಗಲೇ ತಲೆ ಬಾಚಿ, ಹಲ್ಲು ಹಾಕಿಕೊಂಡು, ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದರು. ಹಾಸಿಗೆ ಮಡಿಸಿಟ್ಟಿದ್ದರು. "ನಿದ್ದೆ ಬಂತಾ ಅತ್ತೆ?" ಎಂದರೆ "ಚೆನ್ನಾಗಿ ಬಂತು" ಎಂದರು. ಎರಡನೇ ಬ್ರೆಡ್ಡು ಬೇಡವೆಂದರು. ಪುಟ್ಟಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೆರೆಯ ಕಡೆ ಮುಖಮಾಡಿ ಕೂತಿದ್ದಳು. ಹದಿಮೂರು ವರ್ಷದ ಹುಡುಗಿಯರಿಗೆ ಬೆಳಗಾದರೆ ಮುಖ ಊದುವುದು ಇದ್ದದ್ದೇ ಎಂದು ಸೊಸೆ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ಒಂದು ಹಳೇ ಕೋಟೆ ಸಿಕ್ಕಾಗ ಅತ್ತೆ ಇಳಿಯಲಿಲ್ಲ. "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ." ಪುಟ್ಟಿಯೂ ಅಜ್ಜಿಯ ಜೊತೆ ಉಳಿದಳು. ಗಂಡ ಹೆಂಡತಿ ಕೋಟೆಯ ಗೋಡೆಯ ಮೇಲೆ ಕೈ ಕೈ ಹಿಡಿದು ನಡೆದರು. ಒಳ್ಳೆಯದೇ ಆಯಿತು ಎಂದುಕೊಂಡಳು ಸೊಸೆ. ಆ 'ಒಳ್ಳೆಯದೇ ಆಯಿತು' ಮುಂದೆ ಅವಳಿಗೆ ಬಹಳ ಸಲ ನೆನಪಾಗಲಿತ್ತು.

ಊರಿಗೆ ಬಂದ ಮೊದಲ ವಾರ ಮನೆ ಹಿತವಾಗಿತ್ತು. ಅತ್ತೆ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಸಂಜೆ ಇವರು ಊಟಕ್ಕೆ ಕೂತರೆ "ನಂದು ಆಗ್ಲೇ ಆಯ್ತು, ಹಸಿವಾಗಿತ್ತು" ಎನ್ನುವರು. ಪಾತ್ರೆ ನೋಡಿದರೆ ಒಂದು ಸೌಟು ಅನ್ನ ಕಡಿಮೆಯಾಗಿರುತ್ತಿತ್ತು, ಅಷ್ಟೇ. ಬಚ್ಚಲಿನ ಗೂಡಿನಲ್ಲಿ ಯಾವಾಗಲೂ ಇರುತ್ತಿದ್ದ ಹಲ್ಲಿನ ಲೋಟ ಕಾಣಿಸಲಿಲ್ಲ. ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಅತ್ತೆ ಮಂಚದ ಮೇಲೆ ಕೂತಿರುತ್ತಿದ್ದರು. ಅವಳು ಮಲಗುವವರೆಗೂ ಕೂತಲ್ಲಿಂದ ಏಳುತ್ತಿರಲಿಲ್ಲ.

"ಗಾಳಿ ಬದಲಾದ್ರೆ ಮನುಷ್ಯರೂ ಬದಲಾಗ್ತಾರೆ ನೋಡಿ" ಎಂದು ಅವಳು ಕಾರ್ಖಾನೆಯಲ್ಲಿ ಹೇಳಿದಳು.

ಬಟ್ಟೆ ಕತ್ತರಿಸುವ ಮೇಜಿನ ಹಿರಿಯ ಹೆಂಗಸು ಕತ್ತರಿ ನಿಲ್ಲಿಸದೆ ಕೇಳಿದಳು: "ಮಾತಾಡೋ ಅತ್ತೆ ಮಾತು ಬಿಟ್ರೆ ನಂಗೆ ಭಯ ಆಗತ್ತಮ್ಮ. ಏನಂದೆ ಅವರಿಗೆ?"

"ನಾನೇನಂದೆ? ಒಂದು ಮಾತೂ ಅಂದಿಲ್ಲ."

ಒಂದು ದಿನ ಬೆಳಗಾಗುವ ಮುಂಚೆ ಸೊಸೆ ಬಚ್ಚಲಿಗೆ ಎದ್ದಳು. ಪರದೆ ಸರಿಸಿ ಮಂಚದ ಪಕ್ಕ ಹಾದಳು. ದನಿ ಬರಲಿಲ್ಲ. ಬರುವಾಗಲೂ ಬರಲಿಲ್ಲ. ಪಾಪ, ಗಾಢ ನಿದ್ದೆ ಎಂದುಕೊಂಡು ತಿರುಗಿ ನೋಡಿದರೆ, ಕಿಟಕಿಯ ಮಬ್ಬು ಬೆಳಕಿನಲ್ಲಿ ಅತ್ತೆಯ ಕಣ್ಣುಗಳು ತೆರೆದೇ ಇದ್ದವು. ಅವಳನ್ನೇ ನೋಡುತ್ತಿದ್ದವು. ನೋಡಿದ್ದು ಗೊತ್ತಾದ ಕೂಡಲೇ ಮುಚ್ಚಿಕೊಂಡವು.

ಸೊಸೆ ಹಾಸಿಗೆಗೆ ಬಂದು ಕೂತಳು. ಯಾರದು ಎಂಬುದಿಲ್ಲ. ಲೋಟವಿಲ್ಲ. ತಟ್ಟೆ ಚಾಚುವುದಿಲ್ಲ. ಎದ್ದು ನಡೆಯುವುದೂ ಇಲ್ಲ. ಟೆಂಟಿನಲ್ಲಿ ತಾನು ಮಾಡಿದ ಒಂದೊಂದೂ ಮನೆಯಿಂದ ಕಾಣೆಯಾಗಿತ್ತು, ಒಂದನ್ನೂ ಬಿಡದೆ.

ಅವತ್ತು ಸಂಜೆ ಪಾತ್ರೆ ತೊಳೆಯುವಾಗ ಮಗಳನ್ನು ಒರೆಸಲು ಕರೆದಳು. ಪುಟ್ಟಿ ಬಂದಳು, ಒಂದೊಂದು ತಟ್ಟೆಯನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಅವಳೂ ಪ್ರವಾಸದಿಂದ ಬಂದಾಗಿನಿಂದ ಅಮ್ಮನೊಂದಿಗೆ ಲೆಕ್ಕಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದಳು.

"ಪುಟ್ಟಿ, ಆವತ್ತು ಕೆರೆ ಹತ್ರ ಅಜ್ಜಿ ಬೇಗ ಮಲಗಿದ್ರಲ್ವಾ?"

ಪುಟ್ಟಿ ತಟ್ಟೆ ನೋಡುತ್ತಲೇ ಇದ್ದಳು.

"ಕೇಳಿದ್ದಕ್ಕೆ ಹೇಳು. ನಮ್ಮ ಮಾತು ಕೇಳಿಸ್ತಾ?"

"ಮಾತು ಆಮೇಲೆ ಕೇಳಿಸಿದ್ದು."

"ಅಂದ್ರೆ?"

"ಒಳಗೆ ದೀಪ ಇತ್ತಲ್ಲಮ್ಮ. ಎಲ್ಲಾ ಕಾಣ್ತಿತ್ತು. ನೆರಳು. ಸಿನಿಮಾ ತರ."

ಸೊಸೆಯ ಕೈಯಲ್ಲಿದ್ದ ಲೋಟದಿಂದ ನೊರೆ ಇಳಿಯಿತು. ದಿನವಿಡೀ ಪರದೆ ಹೊಲಿಯುವವಳು ಅವಳು. ಅಸ್ತರಿಲ್ಲದ ತೆಳು ಬಟ್ಟೆಯ ಹಿಂದೆ ದೀಪ ಇಟ್ಟರೆ ಏನಾಗುತ್ತದೆಂದು ಕಾರ್ಖಾನೆಗೆ ಬರುವ ಗಿರಾಕಿಗಳಿಗೆ ಹೇಳಿ ಹೇಳಿ ಅಸ್ತರು ಮಾರಿದವಳು.

ಪುಟ್ಟಿ ತಟ್ಟೆಯನ್ನು ಕೆಳಗಿಟ್ಟಳು. "ಅಜ್ಜಿ ಮಲಗಿದ್ರು. ನಾನೇ ಎಬ್ಬಿಸ್ದೆ. 'ಅಜ್ಜೀ, ಅಮ್ಮ ಏನೋ ನಾಟಕ ಮಾಡ್ತಿದಾಳೆ ನೋಡಿ' ಅಂತ. ನಂಗೆ ಗೊತ್ತಾಗ್ಲಿಲ್ಲಮ್ಮ. ನಾನು ನಗ್ತಿದ್ದೆ. ಅಜ್ಜೀನೂ ನಕ್ರು. 'ಯಾರೇ ಅದು ಮುದುಕಿ?' ಅಂತ ಕೇಳಿದ್ರು. ಆಮೇಲೆ ಸುಮ್ಮನಾದ್ರು. ಅವರಿಗೆ ಗೊತ್ತಾದ ಮೇಲೇನೇ ನಂಗೆ ಗೊತ್ತಾಗಿದ್ದು."

"ನೀನು ಬಂದು ಹೇಳ್ಬಾರ್ದಿತ್ತಾ?"

"ಹೋಗ್ತೀನಿ ಅಂದೆ. ಕೈ ಹಿಡ್ಕೊಂಡ್ರು. 'ಬೇಡ, ಪಾಪ ನಗ್ತಿದಾರೆ, ನಗ್ಲಿ' ಅಂದ್ರು."

ಅಮ್ಮ, ಮಗಳು ಇಬ್ಬರೂ ತೊಟ್ಟಿಯೊಳಗಿನ ನೀರು ನೋಡುತ್ತ ನಿಂತರು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಮೂರನೇ ಮಹಡಿಯ ಅಡುಗೆಮನೆಯಲ್ಲಿ ಆ ಅನುಕೂಲವೂ ಇರಲಿಲ್ಲ. ಪುಟ್ಟಿ ಮೂಗು ಎಳೆದುಕೊಂಡು "ನಾನು ಎಬ್ಬಿಸ್ಬಾರ್ದಿತ್ತು" ಎಂದಳು. ಸೊಸೆಗೆ ಮಗಳ ತಲೆ ಸವರಬೇಕೆನ್ನಿಸಿತು. ಒದ್ದೆ ಕೈ ಎಂದು ನೆಪ ಹೇಳಿಕೊಂಡು ಸವರಲಿಲ್ಲ. ನಿಜವಾಗಿ ಧೈರ್ಯ ಬರಲಿಲ್ಲ.

ಗಂಡನಿಗೆ ಹೇಳಲು ಮನೆಯಲ್ಲಿ ಜಾಗವೆಲ್ಲಿ? ಬೆಳಿಗ್ಗೆ ಅವಳು ಅವನ ಜೊತೆ ಕೆಳಗಿಳಿದು ವ್ಯಾನಿನಲ್ಲಿ ಕೂತಳು. ಸುತ್ತ ಕಂಪ್ರೆಸರುಗಳು, ಪೈಪುಗಳು. ಅವನು ಕೇಳಿಸಿಕೊಂಡು ಮೊದಲು "ಛೇ, ಇಲ್ಲ" ಎಂದ. "ಅಮ್ಮಂಗೆ ಕನ್ನಡಕ ಇಲ್ದೆ ಅಷ್ಟು ದೂರ ಕಾಣಲ್ಲ" ಎಂದ. "ಕಂಡ್ರೂ ಮರ್ತಿರ್ತಾರೆ" ಎಂದ. ಕೊನೆಗೆ ಸ್ಟಿಯರಿಂಗ್ ಮೇಲೆ ಬೆರಳು ತಟ್ಟುತ್ತ, "ಅಷ್ಟಕ್ಕೂ ಮಾಡಿದ್ದು ನೀನು ತಾನೆ?" ಎಂದ.

"ಇನ್ನೊಂದ್ಸಲ ಅಂದವರು ಯಾರು?"

"ನಾನು ತಮಾಷೆಗೆ ಅಂದೆ."

"ನಾನೂ ತಮಾಷೆಗೇ ಮಾಡಿದ್ದು. ಈಗ ಅವರು ಊಟ ಬಿಟ್ಟಿರೋದೂ ತಮಾಷೆಗಾ? ನೀವು ಮಗ. ಒಂದು ಮಾತು ಹೇಳಿ ಹೋಗಿ ಅವರಿಗೆ."

"ಏನಂತ ಹೇಳ್ಲಿ? ಅಮ್ಮ, ನಿನ್ನ ನೋಡಿ ನಕ್ಕೆ, ಕ್ಷಮಿಸು ಅಂತಾನಾ? ಅವರು ಸುಮ್ನಿದಾರೆ, ನಾವೂ ಸುಮ್ನಿರೋಣ. ಕೆರೆದು ಹುಣ್ಣು ಮಾಡ್ಬೇಡ."

ಅವಳು ಬಾಗಿಲು ಬಡಿದು ಇಳಿದಳು. ಸಂಜೆ ಅವನು ತಾಯಿಗೊಂದು ಹೊಸ ದಿಂಬು ತಂದ, ದುಬಾರಿಯದು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು "ಯಾಕಪ್ಪ ಸುಮ್ನೆ ಖರ್ಚು" ಎಂದರು. ಅಂಗಡಿಯವರಿಗೆ ಹೇಳುವ ಹಾಗಿತ್ತು ಆ ದನಿ. ಅವನು ತಲೆ ಕೆರೆದುಕೊಂಡು ಟಿವಿ ಹಾಕಿದ.

ಸೊಸೆ ತನಗೆ ತಿಳಿದಂತೆ ತಿದ್ದಲು ಹೊರಟಳು. ಅತ್ತೆಗೆ ಇಷ್ಟವಾದ ಆಲೂಗಡ್ಡೆ ಪಲ್ಯ ದಿನಾ ಮಾಡಿದಳು. ತಟ್ಟೆಯನ್ನು ಮಂಚಕ್ಕೇ ತಂದುಕೊಟ್ಟಳು. "ಇನ್ನೊಂಚೂರು ಹಾಕ್ಲಾ ಅತ್ತೆ?" ಎಂದರೆ "ಬೇಡಮ್ಮ" ಎಂದು ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವರು. ಮೊದಲು ಅವರು 'ಕಣೆ' ಎನ್ನುತ್ತಿದ್ದರು, ಬೈಯುವಾಗಲೂ. ಈಗ ಬರೀ 'ಅಮ್ಮ'. ಯಾರದೋ ಮನೆಗೆ ಬಂದ ನೆಂಟರಂತೆ ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದರು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಹೆಂಗಸರು "ಏ ರೇಡಿಯೋ, ಹೊಸ ಮ್ಯಾನೇಜರ್‌ನ ಮಾಡೇ" ಎಂದಾಗ ಅವಳು "ಹೊಟ್ಟೆನೋವು" ಎಂದು ಡಬ್ಬಿ ಮುಚ್ಚಿದಳು.

ಮುಂದಿನ ಭಾನುವಾರ ಹೇಳದೆ ಕೇಳದೆ ನಾದಿನಿ ಬಂದಳು. ತನ್ನ ಗಂಡನ ಕಾರನ್ನು ತಾನೇ ಓಡಿಸಿಕೊಂಡು ಬಂದಿದ್ದಳು. ಒಳಕ್ಕೆ ಕಾಲಿಟ್ಟವಳೇ ತಾಯಿಯ ಮಣಿಕಟ್ಟು ಹಿಡಿದು ನೋಡಿದಳು.

"ಅತ್ತಿಗೆ, ಅಮ್ಮ ಎಷ್ಟು ಇಳಿದು ಹೋಗಿದಾರೆ ನೋಡಿದೀರಾ? ಬಳೆ ಮೊಣಕೈವರೆಗೆ ಹೋಗ್ತಿದೆ."

ಸೊಸೆ ಊಟ ಬಡಿಸುತ್ತಿದ್ದಳು. "ಊಟ ಸರಿಯಾಗಿ ಮಾಡ್ತಿಲ್ಲ" ಎಂದಳು.

"ಮಾಡ್ತಿಲ್ವೋ, ಹಾಕ್ತಿಲ್ವೋ?"

"ಏಯ್, ನಾಲಿಗೆ ಬಿಗಿ ಹಿಡಿ" ಎಂದ ಗಂಡ. "ಮೂರು ದಿನ ಇಟ್ಕೋ ಅಂದ್ರೆ ಪೇಂಟ್ ವಾಸನೆ ಅಂದವಳು ನೀನು. ಆ ವಾಸನೆ ಹೋಯ್ತಾ ಈಗ?"

"ಅದಕ್ಕೇ ಬಂದಿರೋದು. ಅಮ್ಮನೇ ಫೋನ್ ಮಾಡಿದ್ರು. ನಿನ್ನ ಮನೆಗೆ ಬರ್ತೀನಿ, ಕರ್ಕೊಂಡು ಹೋಗು ಅಂತ. ಮೂವತ್ತೆಂಟು ವರ್ಷದಲ್ಲಿ ನನ್ನ ಹತ್ರ ಏನೂ ಕೇಳದೋರು ಇದನ್ನ ಕೇಳಿದ್ರು. ಏನ್ ಮಾಡಿದ್ರಿ ಅವರಿಗೆ? ಹೇಳಿ."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಆರು ತಿಂಗಳು ಇಟ್ಟುಕೊಳ್ಳಲಿ ಎಂದು ಟೆಂಟಿನಲ್ಲಿ ಆಡಿದ ಮಾತು ತಂಗಿಯ ಕಿವಿಗೆ ಮುಟ್ಟುವ ಮೊದಲೇ ನಡೆದುಹೋಗಿತ್ತು. ಪುಟ್ಟಿ ಅಮ್ಮನನ್ನು ನೋಡಿದಳು. ಸೊಸೆ ಬಾಯಿ ತೆರೆದಳು. ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ತೆರೆದಿದ್ದಳು.

"ಯಾರೂ ಏನೂ ಮಾಡಿಲ್ಲ" ಎಂದರು ಅತ್ತೆ, ಮಂಚದಿಂದಲೇ. "ನಿನ್ನ ಮನೇಲಿ ಲಿಫ್ಟ್ ಇದೆ, ಇಲ್ಲಿಲ್ಲ. ಅದಕ್ಕೆ ಕೇಳಿದೆ. ನನ್ನ ಸೊಸೆ ನಂಗೆ ಹೊಟ್ಟೆಗೆ ಬಟ್ಟೆಗೆ ಯಾವತ್ತೂ ಕಡಿಮೆ ಮಾಡಿದೋಳಲ್ಲ. ಅವಳ ಮೇಲೆ ಇನ್ನೊಂದು ಮಾತಾಡಿದ್ರೆ ನಾನು ಬರಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೊಸೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ನೀರಿನ ಸದ್ದಿನ ಹಿಂದೆ ನಿಂತುಕೊಂಡಳು.

ಊಟದ ನಂತರ ಗಂಡ, ನಾದಿನಿ ಇಬ್ಬರೂ ಸಾಮಾನು ಇಳಿಸಲು ಕೆಳಗೆ ಹೋದರು. ಪುಟ್ಟಿ ಹೊಸ ದಿಂಬು ಹೊತ್ತು ಹಿಂದೆ ಹೋದಳು. ಸೊಸೆ ಪರದೆ ಸರಿಸಿ ಒಳಬಂದಳು. ಅತ್ತೆ ರವಿಕೆ ಮಡಿಸುತ್ತಿದ್ದರು.

"ಅತ್ತೆ, ಆವತ್ತು ಕೆರೆ ಹತ್ರ ನಾನು..."

"ಬೇಡ. ಹೇಳ್ಬೇಡ."

"ಹೇಳ್ಲೇಬೇಕು ಅತ್ತೆ. ನಂಗೆ ಅನ್ನ ಇಳೀತಿಲ್ಲ."

"ಹೇಳಿದ್ರೆ ನಿಂಗೆ ಹಗುರ ಆಗತ್ತೆ. ನಂಗೇನಾಗತ್ತೆ?"

ಅತ್ತೆ ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು.

"ಕಳಿಸ್ಬೇಕು ಅಂದ್ರಲ್ಲ, ಅದಕ್ಕೆ ನಂಗೆ ಬೇಜಾರಿಲ್ಲ" ಎಂದರು. "ನನ್ನತ್ತೆ ವಿಷಯ ನಾನೂ ನಿಮ್ಮ ಮಾವನ ಹತ್ರ ಆಡಿದೀನಿ. ನಿನಗಿಂತ ಜಾಸ್ತೀನೇ ಆಡಿದೀನಿ. ಎಲ್ಲ ಮನೇಲೂ ಆಡೋ ಮಾತು ಅದು."

"ಮತ್ತೆ ಯಾಕತ್ತೆ ಹೋಗ್ತೀರಾ?"

"ಆಸ್ಪತ್ರೇಲಿ ನನ್ನ 'ಎಕ್ಸ್‌ಪ್ರೆಸ್' ಅಂತ ಕರೀತಿದ್ರು. ಈ ವಾರ್ಡಲ್ಲಿ ಕರೆದ್ರೆ ಆ ವಾರ್ಡಿಂದ ಬಂದಿರ್ತಿದ್ದೆ. ಈಗ ಮಂಡಿ ಸ್ವಲ್ಪ ನೋವು, ಅಷ್ಟೇ, ಬಾಕಿ ಹಂಗೇ ಇದೀನಿ ಅಂದ್ಕೊಂಡಿದ್ದೆ ಕಣೆ. ಕನ್ನಡೀಲಿ ಮುಖ ಕಾಣತ್ತೆ, ನಡಿಗೆ ಎಲ್ಲಿ ಕಾಣತ್ತೆ? ಆವತ್ತು ನೋಡಿ ನಾನೇ ನಕ್ಕೆ. ಯಾರೋ ಪಾಪ ಮುದುಕಿ ಅಂತ." ಅವರು ಮಂಡಿಯ ಮೇಲೆ ಕೈಯಿಟ್ಟುಕೊಂಡರು. "ಕೋಪ ಎರಡು ದಿನ ಇತ್ತು, ಹೋಯ್ತು. ನಾಚಿಕೆ ಹೋಗ್ತಿಲ್ಲ. ಎದ್ದು ನಿಂತ್ರೆ ಅದೇ ಕಣ್ಮುಂದೆ ಬರತ್ತೆ. ನಿನ್ನೆದುರು ನಡೆಯೋಕೆ ಆಗಲ್ಲ ನಂಗೆ. ನೀನು ಕೆಲಸಕ್ಕೆ ಹೋದ್ಮೇಲೆ ಬಚ್ಚಲಿಗೆ ಹೋಗ್ತೀನಿ. ಹಂಗೆ ಎಷ್ಟು ದಿನ ಇರೋದು?"

ಸೊಸೆ ಮಂಚದ ಪಕ್ಕ ನೆಲದ ಮೇಲೆ ಕುಸಿದಳು. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಅದರಿಂದ ಯಾರಿಗೆ ಹಗುರ ಎಂದು ಅತ್ತೆಯ ಬಾಯಿಂದ ಈಗ ತಾನೇ ಕೇಳಿದ್ದಳಲ್ಲ, ನುಂಗಿಕೊಂಡಳು. ಕಣ್ಣೀರನ್ನು ಮಾತ್ರ ನುಂಗಲಾಗಲಿಲ್ಲ. ಅತ್ತೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವಳು ಅತ್ತು ಮುಗಿಸುವವರೆಗೆ ಕಾದು, "ಪುಟ್ಟೀಗೆ ಪರೀಕ್ಷೆ ಹೊತ್ತಿಗೆ ಬರ್ತೀನಿ. ಹುಡುಗಿ ತಾನು ಎಬ್ಬಿಸಿದ್ದೇ ತಪ್ಪು ಅಂತ ಕೊರಗ್ತಿದೆ. ಅವಳನ್ನ ನೋಡ್ಕೋ. ನನ್ನನ್ನಲ್ಲ" ಎಂದರು.

"ಹ್ಞೂಂ ಅತ್ತೆ."

"ಮುಖ ಒರೆಸ್ಕೋ. ಕೆಳಗೆ ಕಾಯ್ತಿದಾರೆ."

ಬಾಗಿಲಾಚೆ ಮೆಟ್ಟಿಲು ಕಡಿದಾಗಿತ್ತು. ಕಬ್ಬಿಣದ ಕಟಕಟೆ ಒಂದೇ ಬದಿಗೆ, ಅದೂ ಅಲ್ಲಲ್ಲಿ ಸಡಿಲ. ಸೊಸೆ ಅಭ್ಯಾಸದಂತೆ ಕೈ ಚಾಚಿದಳು. ಅತ್ತೆ ಹಿಡಿಯಲಿಲ್ಲ.

"ನೀನು ಮುಂದೆ ನಡಿ."

"ಬಿದ್ರೆ ಅತ್ತೆ?"

"ಮುಂದೆ ನಡಿ. ತಿರುಗಿ ನೋಡ್ಬೇಡ."

ಅವಳು ಮುಂದೆ ನಡೆದಳು. ಒಂದು ಮೆಟ್ಟಿಲಿಳಿದು ನಿಲ್ಲುವಳು. ಹಿಂದೆ ಒಂದು ಕಾಲು ಇಳಿಯುವ ಸದ್ದು, ಅದಕ್ಕೆ ಇನ್ನೊಂದು ಕಾಲು ಬಂದು ಸೇರುವ ಸದ್ದು, ಒಂದು ಉಸಿರು. ಮತ್ತೆ ಇನ್ನೊಂದು ಮೆಟ್ಟಿಲು. ಪ್ರತಿ ಸದ್ದಿನಲ್ಲೂ ಆ ಮಂಡಿ ಎಲ್ಲಿ ಬಾಗಿತು, ಎಲ್ಲಿ ನೋವು ಹತ್ತಿತು ಎಂದು ಅವಳಿಗೆ ತಿಳಿಯುತ್ತಿತ್ತು. ಅವಳ ಮೈಗೆ ಅದು ಬಾಯಿಪಾಠವಾಗಿತ್ತು. ಇಷ್ಟು ಚೆನ್ನಾಗಿ ಕಲಿತದ್ದು ಯಾತಕ್ಕೆ ಎಂದು ನೆನೆದರೆ ಕಿವಿ ಉರಿಯುತ್ತಿತ್ತು.

ಎರಡನೇ ಮಹಡಿಯ ತಿರುವಿನಲ್ಲಿ ಹಿಂದಿನ ಸದ್ದು ನಿಂತಿತು. ಕಟಕಟೆ ಅಲ್ಲಿ ಮುರಿದು ಹೋಗಿತ್ತು. ಅವಳು ತಿರುಗಲಿಲ್ಲ. ಎದುರಿನ ಗೋಡೆಯ ಸುಣ್ಣದಲ್ಲಿದ್ದ ಬಿರುಕನ್ನೇ ನೋಡುತ್ತ ನಿಂತಳು. ಕೆಳಗಿನಿಂದ ನಾದಿನಿ ಹಾರ್ನ್ ಮಾಡಿದಳು. "ಬರ್ತಿದೀವಿ" ಎಂದು ಸೊಸೆ ಕೂಗಲೂ ಇಲ್ಲ.

ಬಹಳ ಹೊತ್ತಿನ ಮೇಲೆ ಅವಳ ಬಲ ಹೆಗಲ ಮೇಲೆ ಒಂದು ಕೈ ಬಂದು ಕೂತಿತು. ಮೊದಲು ಬರೀ ಬೆರಳು. ಆಮೇಲೆ ಇಡೀ ಕೈ, ಕೈಯ ಹಿಂದೆ ಇಡೀ ಮೈಯ ಭಾರ.

"ಹ್ಞಾಂ" ಎಂದರು ಅತ್ತೆ. "ನಡಿ ಈಗ. ನಿಧಾನ."

ಅವಳು ಹೆಗಲು ಅಲುಗದ ಹಾಗೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.